ಕಾರಿಗೊಂದು ಗಾಜಿನ ಹಂಚು

ನಮ್ಮ ಕಡೆಯ ಹಳೇ ಮನೆಗಳಲ್ಲಿ ಅಡುಗೆಮನೆಯ ಮಾಡಿಗೆ ಒಂದು ಗಾಜಿನ ಹಂಚು ಇರುತ್ತದೆ, ಬೆಳಕಿಗೆ. ಮಳೆಗಾಲದಲ್ಲಿ ಮೊದಲು ಸೋರುವುದೂ ಅದೇ. ಅದರ ಕೆಳಗೆ ಇಡಲೆಂದೇ ಒಂದು ಹಳೇ ಪಾತ್ರೆಯೂ ಇರುತ್ತದೆ. ಕಾರು ಕಂಪನಿಗಳು ಅದೇ ಹಂಚನ್ನು ಕಾರಿಗೆ ಕೂರಿಸಿ ಸನ್‌ರೂಫ್ ಅಂತ ಮಾರುತ್ತಿವೆ. ಪಾತ್ರೆ ಮಾತ್ರ ಕೊಡುವುದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿನಷ್ಟು ಮಳೆ. ಜೂನ್ ಬಂದರೆ ಸೂರ್ಯನನ್ನು ಪಂಚಾಂಗದಲ್ಲೇ ನೋಡಬೇಕು. ಆದರೂ ತೀರ್ಥಹಳ್ಳಿಯವರು ಶಿವಮೊಗ್ಗದ ಶೋರೂಮಿಗೆ ಹೋದರೆ ಮೊದಲು ಕೇಳುವುದು, "ಸನ್‌ರೂಫ್ ಇದ್ಯಾ?" ಬ್ರೇಕಿನ ವಿಚಾರ ಆಮೇಲೆ. ಬೇಸಿಗೆಯಲ್ಲಿ ಸೆಕೆಯೆಂದು ಪರದೆ ಎಳೆದು ಏಸಿ ಹಾಕುತ್ತಾರೆ. ಹಾಗಾದರೆ ತೆರೆಯುವುದು ಯಾವಾಗ? ಮದುವೆ ದಿಬ್ಬಣದಲ್ಲಿ. ಒಳಗೆ ಆರು ಏರ್‌ಬ್ಯಾಗು, ಮಗುವಿನ ತಲೆ ಹೊರಗೆ.

ಬೆಂಗಳೂರಿನ ಅಳಿಯ ಅಂಥದ್ದೇ ಒಂದನ್ನು ತಂದು ನಮ್ಮ ಹಲಸಿನ ಮರದಡಿ ನಿಲ್ಲಿಸಿದ. 4 ಮೀಟರಿನೊಳಗಿದ್ದರೆ ತೆರಿಗೆ ಕಡಿಮೆಯೆಂದು ಹಿಂದುಗಡೆ ಮೋಟು ಮಾಡಿಸಿಕೊಂಡ ಗಾಡಿ. ಹೆಸರು ಮಾತ್ರ ಎಸ್‌ಯುವಿ. ಮೂರನೇ ದಿನ ಒಳಗಿನ ದೀಪದಿಂದ ತೊಟ್ಟಿಕ್ಕತೊಡಗಿತು. ಆ ಗಾಜಿನ ಚೌಕಟ್ಟಿನ ಮೂಲೆಗಳಲ್ಲಿ ನೀರು ಇಳಿಯಲು ಸಣ್ಣ ಕೊಳವೆಗಳಿರುತ್ತವೆ. ತರಗೆಲೆಯ ಕಸ ಕೂತರೆ ನೀರು ನೇರ ತಲೆಗೇ.

"ಮೇ ತಿಂಗಳಲ್ಲಿ ಹಂಚು ಕೈಯಾಡಿಸೋವಾಗ ಇದನ್ನೂ ಕೈಯಾಡಿಸ್ಬೇಕು ಮಾರಾಯ" ಅಂದೆ.

"ಮಾವ, ಇದು ಟಾಪ್ ಮಾಡೆಲ್ಲು."

"ಹೌದಲ್ಲ, ಅದಕ್ಕೇ ಮೇಲಿಂದ ಸೋರ್ತಿದೆ."

ಅದಕ್ಕೆ ಬುದ್ಧಿಯೂ ಇದೆಯಂತೆ. ರಸ್ತೆಯ ಬಿಳಿಗೆರೆ ನೋಡಿ ತಾನೇ ಸ್ಟೇರಿಂಗ್ ಎಳೆಯುತ್ತದೆ. ನಮ್ಮೂರ ರಸ್ತೆಯಲ್ಲಿ ಗೆರೆ ಎಲ್ಲಿದೆ, ಪಾಚಿ ಇದೆ. ಎದುರಿಂದ ಬಸ್ಸು ಬಂದಾಗ ಎಡಗಡೆ ಚಕ್ರ ಮಣ್ಣಿಗಿಳಿಸದೆ ಇಲ್ಲಿ ಯಾರೂ ಮನೆ ಮುಟ್ಟಿಲ್ಲ. ಇಳಿಸಿದರೆ ಇದು ಕುಂಯ್ ಅನ್ನುತ್ತದೆ. ನಾಲ್ಕು ಸಲ ಹಾಗೆ ಇಳಿದಿದ್ದಕ್ಕೆ ಡ್ರೈವರಿಗೆ ನಿದ್ದೆ ಬಂದಿದೆಯೆಂದು ತಿಳಿದು ಪರದೆಯ ಮೇಲೆ ಕಾಫಿ ಲೋಟದ ಚಿತ್ರ ತೋರಿಸಿತು. ಕಾಫಿ ಬೆಳೆಯುವ ಸೀಮೆಯವನಿಗೆ ಕಾಫಿ ಕುಡಿಯೋ ಅಂತ ಉಪದೇಶ!

ಹಾಗೆ ಇಳಿದಲ್ಲೇ ಚೂಪು ಕಲ್ಲು ಟೈರಿನ ಪಕ್ಕೆ ಸೀಳಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ, ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪು. 2020ರಲ್ಲಿ ಸರ್ಕಾರವೇ ನಿಯಮ ಸಡಿಲಿಸಿತು: ಟ್ಯೂಬ್‌ಲೆಸ್ ಟೈರು, ಗಾಳಿ ಎಷ್ಟಿದೆಯೆಂದು ತಿಳಿಸುವ ಸೆನ್ಸರು, ರಿಪೇರಿ ಕಿಟ್ಟು ಇದ್ದರೆ ಸ್ಟೆಪ್ನಿ ಬೇಡ. ಪಕ್ಕೆ ಹರಿದರೆ ಆ ಅಂಟು ಹಿಡಿಯುವುದಿಲ್ಲ. ಸೆನ್ಸರು ಮಾತ್ರ ಪ್ರಾಮಾಣಿಕ. ಗಾಳಿ ಹೋಗಿದೆ, ಹೋಗಿದೆ ಅಂತ ಬಡಕೊಳ್ಳುತ್ತಲೇ ಇತ್ತು. ಸಹಾಯಕ್ಕೆ ಕರೆಯುವ ಬಟನ್ನೂ ಇದೆ. ಒತ್ತಿದರೆ ನೆಟ್‌ವರ್ಕ್ ಇಲ್ಲ.

ಕೊನೆಗೆ ನನ್ನ ಹಳೇ ಮಾರುತಿ 800 ತಂದೆ. ಅಳಿಯ ಹತ್ತಿ ಕೂತು ಮೇಲೆ ನೋಡಿದ. ಬರೀ ತಗಡು.

"ಒಂದು ಹನಿನೂ ಬೀಳ್ತಿಲ್ಲ ಮಾವ."

"ಮೇಲಿಂದ ಇಲ್ಲ. ಚಪ್ಪಲಿ ಎತ್ತಿಟ್ಕೊ, ಕೆಳಗಿಂದ ಬರುತ್ತೆ."