ಹಸಿದು ಬಂದ ಹಕ್ಕಿ

ಹೋದ ವಾರ ನೇಚರ್ ಪಾರ್ಕಿನ ಕೊಳದ ಆಚೆ ಬದಿ, ಹೆಚ್ಚು ಜನ ಹೋಗದ ಪೊದೆಗಳ ಮೂಲೆಯಲ್ಲಿ, ಒಂದು ಉಲಿಯಕ್ಕಿಯನ್ನು (ಇಂಗ್ಲಿಷಿನಲ್ಲಿ ವಾರ್ಬ್ಲರ್) ನೋಡುತ್ತ ನಲವತ್ತು ನಿಮಿಷ ನಿಂತಿದ್ದೆ. ಹತ್ತು ಗ್ರಾಂ ತೂಗಿದರೆ ಹೆಚ್ಚು. ರಾತ್ರಿ ಹಾರಿ ಬೆಳಗಿನ ಜಾವ ಇಳಿದಿರಬೇಕು. ಎಳೆ ಚಿಗುರಿನ ಮೇಲೊಮ್ಮೆ, ಅಡಿಗೊಮ್ಮೆ ಇಣುಕಿ ಹಸಿರು ಹುಳುಗಳನ್ನು ಹೆಕ್ಕಿ ಹೆಕ್ಕಿ ನುಂಗುತ್ತಿತ್ತು. ಅಷ್ಟರಲ್ಲಿ ಮೂವರು ಬಂದರು. ಒಬ್ಬರ ಕೈಯಲ್ಲಿ ಉದ್ದನೆಯ ಲೆನ್ಸು, ಇನ್ನೊಬ್ಬರ ಮೊಬೈಲಿನಲ್ಲಿ ಅದೇ ಹಕ್ಕಿಯ ಹಾಡು. ಹಾಡು ಕೇಳಿದ್ದೇ ತಡ, ಹಕ್ಕಿ ಮೇವು ಬಿಟ್ಟು ತುದಿಕೊಂಬೆಗೆ ಬಂತು. ರೆಕ್ಕೆ ಅದುರಿಸುತ್ತ ಕಾಣದ ಎದುರಾಳಿಯನ್ನು ಹುಡುಕಿತು, ಕೂಗಿತು. ಫೋಟೋ ತೆಗೆದರು. ಮತ್ತೆ ಹಾಡು ಹಾಕಿದರು. ಹೀಗೇ ಕಾಲು ಗಂಟೆ. ಅಷ್ಟು ಹೊತ್ತೂ ಅದರ ಕೊಕ್ಕಿಗೆ ಒಂದು ಹುಳುವೂ ಸಿಗಲಿಲ್ಲ.

ಆ ಕಾಲು ಗಂಟೆ ನನ್ನನ್ನು ಇನ್ನೂ ಕಾಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಲಸೆ ಅಂದರೆ ಹಾರಾಟ ಅಂತಲೇ ನಾವೆಲ್ಲ ತಿಳಿದಿರುತ್ತೇವೆ. ಹಕ್ಕಿಗೆ ಹೆಚ್ಚು ದುಬಾರಿಯಾಗುವುದು ಹಾರಾಟವಲ್ಲ, ನಡುನಡುವಿನ ತಂಗುದಾಣ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಸಂತದಲ್ಲಿ ಉತ್ತರಕ್ಕೆ ಹೊರಟ ಅಮೆರಿಕದ ಥ್ರಶ್ ಹಕ್ಕಿಗಳಿಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಅಂಟಿಸಿ, ರಾತ್ರಿಯೆಲ್ಲ ಕಾರಿನಲ್ಲಿ ಅವುಗಳ ಬೆನ್ನು ಹತ್ತಿ ಹೋಗಿ ಲೆಕ್ಕ ಹಾಕಿದರು. ಇಡೀ ಪಯಣಕ್ಕೆ ಖರ್ಚಾಗುವ ಶಕ್ತಿಯಲ್ಲಿ ಹಾರಾಟದ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ಉಳಿದದ್ದೆಲ್ಲ ನೆಲದ ಮೇಲೆ, ಮೇವು ಹುಡುಕುವುದಕ್ಕೆ, ಚಳಿ ತಡೆಯುವುದಕ್ಕೆ, ಮುಂದಿನ ರಾತ್ರಿಗೆ ಕೊಬ್ಬು ಕೂಡಿಸುವುದಕ್ಕೆ.

ಇದಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಗಾರ್ಡನ್ ವಾರ್ಬ್ಲರ್ ಬಗ್ಗೆ ಓದಿದ ಒಂದು ಸಂಗತಿ. ಸಹಾರಾ ಮರುಭೂಮಿಯನ್ನು ದಾಟುವಾಗ ಈ ಹಕ್ಕಿ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ, ತನ್ನ ಕರುಳು, ಯಕೃತ್ತುಗಳನ್ನೂ ಕರಗಿಸಿಕೊಳ್ಳುತ್ತದೆ. ಆಚೆ ದಡದಲ್ಲಿ ಇಳಿದಾಗ ಮುಂದೆ ಮೇವು ರಾಶಿ ಬಿದ್ದಿದ್ದರೂ ಹೊಟ್ಟೆ ತುಂಬ ತಿಂದು ಅರಗಿಸಿಕೊಳ್ಳುವ ತ್ರಾಣ ಇರುವುದಿಲ್ಲ. ಕುಗ್ಗಿದ ಕರುಳು ಮೊದಲಿನ ಹಾಗಾಗಲು ಒಂದೆರಡು ದಿನ ಬೇಕು. ಆಮೇಲಷ್ಟೇ ಮೈಗೆ ತೂಕ ಹತ್ತುತ್ತದೆ. ಇದನ್ನು ಓದಿದ ಮೇಲೆ, ಪೊದೆಯೊಳಗೆ ರೆಕ್ಕೆ ಜೋತುಬಿಟ್ಟು ಕೂತ ಹಕ್ಕಿ ಕಂಡರೆ ಹತ್ತಿರ ಹೋಗುವುದಕ್ಕೇ ಮನಸ್ಸು ಬಾರದು.

ಒಂದು ದಿನ ಹೆಚ್ಚು ಉಳಿದರೆ ಏನಾಯಿತು ಅಂತ ಕೇಳಬಹುದು. ವಸಂತದಲ್ಲಿ ಅದೇ ಕಷ್ಟ. ಮರಿ ಮಾಡಲು ಹೊರಟ ಹಕ್ಕಿಗೆ ತಡ ಮಾಡುವ ಹಾಗಿಲ್ಲ. ಬಹಳಷ್ಟು ಜಾತಿಗಳಲ್ಲಿ ಗಂಡುಗಳು ಮುಂಚೆ ತಲುಪಿ ಜಾಗ ಹಿಡಿಯುತ್ತವೆ, ತಡವಾಗಿ ಬಂದವಕ್ಕೆ ಉಳಿದ ಮೂಲೆಯೇ ಗತಿ. ಮರಿಗಳಿಗೆ ಉಣಿಸುವ ಹುಳುಗಳೂ ಎಲೆ ಎಳೆಯದಾಗಿರುವ ಕೆಲವೇ ವಾರ ಸಿಗುತ್ತವೆ. ನೆದರ್ಲೆಂಡ್ಸ್‌ನಲ್ಲಿ ಪೈಡ್ ಫ್ಲೈಕ್ಯಾಚರ್ ಎಂಬ ನೊಣಹಿಡುಕಕ್ಕೆ ಆಗಿದ್ದು ಇದೇ. ಹವಾಮಾನ ಬಿಸಿಯಾಗುತ್ತ ಹೋಗಿ ಹುಳುಗಳ ಸುಗ್ಗಿ ಮುಂಚೆ ಬರತೊಡಗಿತು. ಆಫ್ರಿಕಾದಿಂದ ಹೊರಡುವ ಹಕ್ಕಿಗೆ ಅದು ತಿಳಿಯುವ ದಾರಿಯಿಲ್ಲ. ಸುಗ್ಗಿ ತೀರಾ ಮುಂಚೆ ಬಂದ ಕಾಡುಗಳಲ್ಲಿ ಎರಡು ದಶಕಗಳಲ್ಲಿ ಇದರ ಸಂಖ್ಯೆ ಸುಮಾರು ಶೇ. 90ರಷ್ಟು ಕುಸಿಯಿತು. ಅಷ್ಟು ದೊಡ್ಡ ಸಂಕಟದ ಮುಂದೆ ನಮ್ಮ ಕಾಲು ಗಂಟೆ ಸಣ್ಣದು, ಒಪ್ಪುತ್ತೇನೆ. ಆದರೆ ಒಂದೇ ಬೆಳಿಗ್ಗೆ ಒಂದೇ ಹಕ್ಕಿಯ ಮುಂದೆ ಎಷ್ಟು ಜನ ಬಂದು ಹೋಗುತ್ತೇವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ.

ಹಕ್ಕಿ ನೋಡುವುದು ಕಲಿತ ಹೊಸತರಲ್ಲಿ ನಾನೂ ಮೊಬೈಲಿನಲ್ಲಿ ಹಾಡು ಹಾಕಿ ಕರೆದಿದ್ದೇನೆ. ಮೊದಲ ಸಲ ಕಾಣುವ ಹಕ್ಕಿ, ಲೈಫರ್, ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಅದು ಬಂತು, ಕಂಡಿತು, ಪಟ್ಟಿಗೆ ಸೇರಿತು. ಆ ಹೆಸರು ಈಗಲೂ ಪಟ್ಟಿಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ನೋವಾಗುತ್ತದೆ.

ಹಕ್ಕಿಯನ್ನು ಹತ್ತಿರದಿಂದ ನೋಡಲು ಅದನ್ನು ಕರೆಯುವುದೇ ಬೇಕಿಲ್ಲ. ಕೆನಡಾ ಮತ್ತು ಅಮೆರಿಕದ ನಡುವೆ ಎರಿ ಸರೋವರ ಇದೆ. ಮೇ ತಿಂಗಳಲ್ಲಿ ದಕ್ಷಿಣ ದಡದ ಮ್ಯಾಗೀ ಮಾರ್ಷ್‌ನಲ್ಲಿ ವಾರ್ಬ್ಲರ್‌ಗಳು ನೀರು ದಾಟುವ ಮುಂಚೆ ತಂಗುತ್ತವೆ, ಉತ್ತರ ದಡದ ಪಾಯಿಂಟ್ ಪೆಲೀಯಲ್ಲಿ ದಾಟಿ ಸುಸ್ತಾದವು ಇಳಿಯುತ್ತವೆ. ಮ್ಯಾಗೀ ಮಾರ್ಷ್‌ನ ಹಲಗೆ ಹಾಸಿದ ನಡೆದಾರಿಯ ಮೇಲೆ ಜನ ಕಿಕ್ಕಿರಿದು ನಿಂತಿರುತ್ತಾರೆ. ದಾರಿ ಬಿಟ್ಟು ಪೊದೆಗೆ ನುಗ್ಗದಿದ್ದರೆ ಹಕ್ಕಿಗಳು ತೋಳಳತೆಯಲ್ಲೇ ಮೇಯುತ್ತವೆ. ನಮ್ಮ ಕೆಲಸ ಇಷ್ಟೇ: ಹುಳುವಿರುವ ಚಿಗುರು ಎಲ್ಲಿದೆ, ಬೆಳಗಿನ ಬಿಸಿಲು ಮೊದಲು ಎಲ್ಲಿ ಬೀಳುತ್ತದೆ ನೋಡಿಕೊಂಡು ಅಲ್ಲಿ ನಿಲ್ಲುವುದು. ಬಿಸಿಲು ತಾಗಿದ ಕಡೆ ಹುಳುಹುಪ್ಪಟೆ ಏಳುತ್ತವೆ, ಹಿಂದೆಯೇ ಹಕ್ಕಿಗಳು ಬರುತ್ತವೆ. ತಾಸುಗಟ್ಟಲೆ ಪಾರ್ಕು ಸುತ್ತಿದ ದಿನಗಳಿಗಿಂತ ಒಂದೇ ಕಡೆ ನಿಂತ ದಿನಗಳಲ್ಲೇ ನನಗೆ ಹೆಚ್ಚು ಹಕ್ಕಿ ಕಂಡಿವೆ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ನಾನು ಉಲಿಯಕ್ಕಿ ಕಂಡ ಪಾರ್ಕಿನ ಆ ಮೂಲೆಯನ್ನು ಈ ವರ್ಷ 'ಸ್ವಚ್ಛ' ಮಾಡುತ್ತಾರಂತೆ. ಒಣಕೊಂಬೆ ಕಡಿದು, ತರಗೆಲೆ ಗುಡಿಸಿ, ಹುಲ್ಲುಹಾಸು ಹಾಸಿ, ಬೆಂಚು ಹಾಕುವ ಯೋಜನೆ. ಕೊಳದ ಈಚೆ ಬದಿಯನ್ನು ಎರಡು ವರ್ಷದ ಹಿಂದೆ ಹೀಗೇ ಮಾಡಿದ್ದರು. ಅಲ್ಲಿಂದೀಚೆಗೆ ಆ ಬದಿಯಲ್ಲಿ ಒಂದು ಉಲಿಯಕ್ಕಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ತರಗೆಲೆಯ ಅಡಿಯಲ್ಲಿ ಪತಂಗದ ಕೋಶಗಳಿರುತ್ತವೆ, ಜೇಡಗಳಿರುತ್ತವೆ. ಕಸ ಅಂತ ಗುಡಿಸಿ ಹಾಕುವುದು ರಾತ್ರಿಯಿಡೀ ಹಾರಿ ಬಂದವುಗಳ ಊಟವನ್ನು. ಬೆಂಚು ಬೇಡ ಅನ್ನುತ್ತಿಲ್ಲ. ಹಿರಿಯರಿಗೆ ಬೇಕು, ಕೊಳದ ಈಚೆಗೆ ಬೇಕಾದಷ್ಟು ಜಾಗವಿದೆ, ಅಲ್ಲಿ ಹಾಕಲಿ. ಆ ಒಂದು ಮೂಲೆ ಮಾತ್ರ ಹಾಗೇ ಇರಲಿ.

ಪಾರ್ಕಿನ ಆಡಳಿತಕ್ಕೆ ಪತ್ರ ಬರೆಯುತ್ತಿದ್ದೇನೆ. ನನ್ನೊಬ್ಬನ ಮಾತಿಗಿಂತ ಹತ್ತು ಜನರ ದಾಖಲೆಗೆ ತೂಕ ಹೆಚ್ಚು. ಕೊಳದ ಆಚೆ ಬದಿಯಲ್ಲಿ ಈ ವಸಂತದಲ್ಲಿ ನೀವು ಏನೇ ನೋಡಿರಲಿ, ದಿನ, ಹೊತ್ತು, ಹಕ್ಕಿಯ ಹೆಸರು, ಎಷ್ಟಿದ್ದವು, ಮುಖ್ಯವಾಗಿ ಏನು ತಿನ್ನುತ್ತಿದ್ದವು ಅನ್ನುವುದನ್ನು ಕೆಳಗೆ ಬರೆಯಿರಿ. ಹೆಸರು ಗೊತ್ತಾಗದಿದ್ದರೆ ಬಣ್ಣ, ಗಾತ್ರ ಬರೆದರೂ ಸಾಕು, ಕೂತು ಗುರುತಿಸೋಣ. ಭಾನುವಾರ ರಾತ್ರಿಯವರೆಗೆ ಬಂದದ್ದನ್ನೆಲ್ಲ ಪತ್ರದ ಜೊತೆ ಲಗತ್ತಿಸುತ್ತೇನೆ.