ಗೀತೆ ಶುರುವಾದ ಮೇಲೆ ಸಿಕ್ಕ ಸ್ಟೇಷನ್ನು

ರೇಡಿಯೊದಲ್ಲಿ ಹಳೆಯ ಹಾಡು ಹುಡುಕುವವರಿಗೆ ಹಾಡು ಸಿಗುತ್ತದೆ, ಅದರ ಜಾತಕ ಸಿಗುವುದಿಲ್ಲ. ಪಿ. ಬಿ. ಶ್ರೀನಿವಾಸರ ದನಿ ಕಿವಿಗೆ ಬೀಳುವ ಹೊತ್ತಿಗೆ ಚಿತ್ರ ಯಾವುದು, ಬರೆದವರು ಯಾರು ಎಂಬುದನ್ನೆಲ್ಲ ಉದ್ಘೋಷಕರು ಹೇಳಿ ಮುಗಿಸಿರುತ್ತಾರೆ. ಉಳಿದದ್ದು ನಮ್ಮ ಊಹೆಗೆ ಬಿಟ್ಟದ್ದು.

ಇದರಲ್ಲಿ ಮಲೆನಾಡಿನ ಗುಡ್ಡಗಳ ಪಾಲೂ ಇದೆ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೆಟ್ಟಗೆ ಸಾಗುವಂಥವು. ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರಿಗೆ ಅಡ್ಡವಿರುವ ಗುಡ್ಡ ದಾರಿ ಬಿಟ್ಟರೆ ಮಾತ್ರ 103.5ರ ಭದ್ರಾವತಿ. ಹಿಂದಿನ ಮಧ್ಯಮ ತರಂಗ ಇಷ್ಟು ಬಿಗುಮಾನದ್ದಲ್ಲ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಗೆ ಮುಳ್ಳನ್ನು 675ಕ್ಕೆ ತಂದರೆ ಸಾಕಿತ್ತು, ಗುಡ್ಡ ಬಳಸಿಕೊಂಡಾದರೂ ಬರುತ್ತಿತ್ತು. ಕತ್ತಲಾದ ಮೇಲೆ ಬೇರೆ ಫಜೀತಿ. ಹಗಲು ಹತ್ತಿರದಲ್ಲೇ ಸೊರಗಿಹೋಗುವ ಮಧ್ಯಮ ತರಂಗಗಳು ರಾತ್ರಿ ಆಕಾಶದ ಮೇಲುಪದರಕ್ಕೆ ಬಡಿದು ನೂರಾರು ಮೈಲಿ ದೂರ ಬಂದು ಬೀಳುತ್ತವೆ. ಎಸ್. ಜಾನಕಿಯವರ ಹಾಡಿನ ನಡುವೆ ಯಾರೋ ತಮಿಳಿನಲ್ಲಿ ವಾರ್ತೆ ಓದತೊಡಗುತ್ತಿದ್ದರು. ಆಗ ಟ್ರಾನ್ಸಿಸ್ಟರನ್ನೇ ಸ್ವಲ್ಪ ತಿರುಗಿಸಿಡಬೇಕು. ಒಳಗಿರುವ ಆಂಟೆನಾದ ಕಡ್ಡಿಗೆ ಎಲ್ಲ ದಿಕ್ಕೂ ಸಮನಲ್ಲ. ಎತ್ತ ಮುಖ ಮಾಡಿಟ್ಟರೆ ವಾರ್ತೆ ಅಡಗುತ್ತದೆ ಎಂಬುದು ಮನೆಯ ಮಕ್ಕಳಿಗೆಲ್ಲ ಗೊತ್ತಿರುತ್ತಿತ್ತು.

ಆಕಾಶವಾಣಿಯ ಒಂದು ಪದ್ಧತಿಗೆ ನಾನು ಋಣಿ. ಅಲ್ಲಿ ಗಾಯಕರ ಹೆಸರಿನ ಜೊತೆಗೆ ಬರೆದವರ ಹೆಸರನ್ನೂ ಹೇಳುತ್ತಾರೆ. ಕು. ರ. ಸೀತಾರಾಮ ಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ವಿಜಯನಾರಸಿಂಹ, ಆರ್. ಎನ್. ಜಯಗೋಪಾಲ್ ಇವರ ಮುಖ ನೋಡದವರ ಬಾಯಲ್ಲೂ ಈ ಹೆಸರುಗಳು ಓಡಾಡಿದ್ದು ಹೀಗೆ. ಮೊಬೈಲಿನಲ್ಲಿ ಕೇಳುವವರಿಗೆ ತೆರೆಯ ಮೇಲೆ ನಾಯಕನ ಚಿತ್ರ ಕಾಣುತ್ತದೆ. ಪಾಪ, ಹಾಡನ್ನು ಅವನೇ ಬರೆದ ಎಂದುಕೊಂಡರೂ ತಪ್ಪಿಲ್ಲ.

ಇನ್ನು ಹಳೆಯದು ಎಂದರೆ ಎಲ್ಲಿಯವರೆಗೆ? ನಮ್ಮ ಭಾವನ ಗಡಿರೇಖೆ ಕಟ್ಟುನಿಟ್ಟಿನದು. 1974ರ ಸುಮಾರಿಗೆ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರಲ್ಲ, ಅದಕ್ಕಿಂತ ಹಿಂದಿನದು ಹಳೆಯದು, ಮುಂದಿನದೆಲ್ಲ ಹೊಸದು. ರಾಜ್‌ಕುಮಾರ್ ಹಾಡಿದ್ದು ಅವರಿಗೆ ಇಷ್ಟವಿಲ್ಲವೆಂದಲ್ಲ, ಲೆಕ್ಕ ಲೆಕ್ಕವೇ. ಎಸ್‌ಪಿಬಿಯವರನ್ನು ಎಂಬತ್ತರ ದಶಕದಲ್ಲಿ ಕೇಳಿ ಬೆಳೆದ ನನ್ನಂಥವರು ಈ ಲೆಕ್ಕದಲ್ಲಿ ಇನ್ನೂ ಹುಡುಗರು. ಅಕ್ಕನ ಮಗನೋ, 2006ರ ಕೊನೆಗೆ ತೆರೆಕಂಡು ಜೋಗಕ್ಕೆ ಜನರನ್ನು ಹಿಂಡುಹಿಂಡಾಗಿ ಎಳೆದ ‘ಮುಂಗಾರು ಮಳೆ’ ಚಿತ್ರದ ಹಾಡುಗಳನ್ನೇ ‘ಹಳೆಯ ಕ್ಲಾಸಿಕ್’ ಎನ್ನುತ್ತಾನೆ. ಅವನು ಹಾಗೆಂದಾಗ ಭಾವನ ಮುಖ ನೋಡಬೇಕು.

ಊಹೆಯ ಆಟಕ್ಕೆ ಅಡಿಕೆ ಸುಲಿಯುವ ರಾತ್ರಿಗಳಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಕೈ ಕತ್ತಿಯ ಮೇಲೆ, ಕಿವಿ ರೇಡಿಯೊದ ಮೇಲೆ. ನಡುವಿನ ವಾದ್ಯಮೇಳ ಕೇಳಿಯೇ ಸಂಗೀತ ರಾಜನ್-ನಾಗೇಂದ್ರರದೋ ಜಿ. ಕೆ. ವೆಂಕಟೇಶರದೋ ಎಂದು ತೀರ್ಪು ಕೊಡಬೇಕು. ಸುಲಿಯಲು ಬಂದ ಹೆಂಗಸರಲ್ಲಿ ಒಬ್ಬಾಕೆ ಸಾಮಾನ್ಯವಾಗಿ ಸರಿ ಹೇಳುತ್ತಾಳೆ, ಆದರೆ ಅವಳ ಮಾತನ್ನು ಭಾವ ಕೇಳಿಸಿಕೊಳ್ಳುವುದಿಲ್ಲ. ಮೊನ್ನೆ ಒಂದು ಹಾಡು ಅರ್ಧದಿಂದ ಸಿಕ್ಕಿತು. ‘ವೆಂಕಟೇಶರದೇ, ಬೇಕಾದರೆ ಒಂದು ಗೊನೆ ಪಂದ್ಯ’ ಎಂದರು ಭಾವ. ಆಕೆ ವಿಜಯಭಾಸ್ಕರ್ ಎಂದಳು. ಅದೃಷ್ಟಕ್ಕೆ ಉದ್ಘೋಷಕಿ ಹಾಡು ಮುಗಿದ ಮೇಲೂ ವಿವರ ಹೇಳಿದರು: ಸಂಗೀತ, ವಿಜಯಭಾಸ್ಕರ್.

ಭಾವ ತಲೆಯೆತ್ತಲಿಲ್ಲ. ‘ಅವರಿಗೆ ಬರೆದುಕೊಟ್ಟವನು ತಪ್ಪು ಬರೆದಿದ್ದಾನೆ ಮಾರಾಯ’ ಎಂದು ಇನ್ನೊಂದು ಅಡಿಕೆಗೆ ಕೈ ಹಾಕಿದರು.