ಐದನೇ ಸೂತ್ರ

ಒಂಟಿ ಮನುಷ್ಯನ ಮನೆಯಲ್ಲಿ ಪುಸ್ತಕ ಎಲ್ಲಿ ಬೇಕಾದರೂ ಕೂರಬಹುದು, ಕೇಳುವವರಿಲ್ಲ. ನಮ್ಮಲ್ಲಿ ಊಟದ ಮೇಜಿನ ಎರಡನೇ ಕುರ್ಚಿ ಪೂರ್ತಿ ಅವುಗಳದ್ದೇ. ಯಾರಾದರೂ ಬಂದರೆ ಚಾಪೆ ಹಾಸುತ್ತೇನೆಯೇ ಹೊರತು ಪುಸ್ತಕಗಳನ್ನು ಎಬ್ಬಿಸುವುದಿಲ್ಲ.

ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ಟರು. ಆಮೇಲೆ ನಮ್ಮ ಬೆಂಗಳೂರಿಗೇ ಬಂದು ನೆಲೆಸಿದರು. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದು ಮೊದಲನೆಯದು. ಓದುಗನ ಸಮಯ ಉಳಿಸಿ ಅನ್ನುವುದು ನಾಲ್ಕನೆಯದು. ಗ್ರಂಥಾಲಯ ಬೆಳೆಯುವ ಜೀವಿ ಅನ್ನುವುದು ಐದನೆಯದು. ನಮ್ಮ ಮನೆಯಲ್ಲಿ ಚಾಚೂ ತಪ್ಪದೆ ನಡೆಯುತ್ತಿರುವುದು ಐದನೆಯದೊಂದೇ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಿಂದ ಆ ಜೀವಿಗೆ ಮೇವು ತಂದು ಹಾಕುತ್ತಲೇ ಇದ್ದೇನೆ. ಉಳಿಸಿದ ಸಮಯವನ್ನು ಏನು ಮಾಡಬೇಕು ಅಂತ ಮಾತ್ರ ನಾಲ್ಕನೆಯದು ಹೇಳುವುದಿಲ್ಲ. ನಾನು ಇನ್ನೊಂದು ಪುಸ್ತಕ ತೆಗೆದೆ.

ಓದು ಒಳ್ಳೆಯ ಅಭ್ಯಾಸ ಅಂತ ಎಲ್ಲರೂ ಹೇಳುತ್ತಾರೆ. ಅದರಷ್ಟು ಮರ್ಯಾದಸ್ಥ ನೆಪ ಇನ್ನೊಂದಿಲ್ಲ ಅಂತ ಯಾರೂ ಹೇಳುವುದಿಲ್ಲ. ಟಿವಿ ಮುಂದೆ ಕೂತವನನ್ನು ಬೈಯುತ್ತಾರೆ, ಪುಸ್ತಕ ಹಿಡಿದವನ ಮುಂದೆ ದನಿ ತಗ್ಗಿಸುತ್ತಾರೆ. ಮದುವೆ ಮಾತೆತ್ತಿದ ಚಿಕ್ಕಮ್ಮನೂ ‘ಓದ್ಕೊಳ್ಲಿ ಬಿಡು’ ಅಂತ ಎದ್ದು ಹೋದರು. ಆಗ ಬಚಾವಾದೆ ಅನ್ನಿಸಿತ್ತು. ಈಗ ಸಂಜೆ ಹೊತ್ತು ಒಮ್ಮೊಮ್ಮೆ, ಅವರು ಇನ್ನೊಂದು ಸಲ ಕೇಳಬಹುದಿತ್ತು ಅಲ್ವಾ, ಅನ್ನಿಸುತ್ತದೆ.

ಪುಸ್ತಕ ಕೊಂಡರೆ ಕೆಲಸ ಅರ್ಧ ಮುಗಿದ ಹಾಗೆ ಅನ್ನಿಸುವುದೇ ದೊಡ್ಡ ಮೋಸ. ತಬಲಾ ಕಲಿಯುವ ಪುಸ್ತಕ ಇದೆ, ತಬಲಾ ಇಲ್ಲ. ಎಲ್ಲಕ್ಕಿಂತ ಜಾಸ್ತಿ ಓದಿರುವುದು ಕುಮಾರಪರ್ವತದ ಬಗ್ಗೆ. ಎತ್ತರ 1712 ಮೀಟರ್. ಕುಕ್ಕೆಯಿಂದ ಹೊರಟರೆ ಮೊದಲು ಕಾಡು, ಆಮೇಲೆ ಗಿರಿಗದ್ದೆ, ಕಲ್ಲು ಮಂಟಪ, ಶೇಷಪರ್ವತ. ಸೋಮವಾರಪೇಟೆ ಕಡೆಯಿಂದಾದರೆ ದಾರಿ ಗಿಡ್ಡ. ಆ ಪುಟಕ್ಕೆ ಗುರುತಿಗೆ ಅಂತ ಬಸ್ ಟಿಕೆಟ್ ಇಟ್ಟಿದ್ದೆ. ಅದರ ಅಕ್ಷರವೆಲ್ಲ ಮಾಸಿ, ಎಲ್ಲಿಂದ ಎಲ್ಲಿಗೆ ಹೋಗಿದ್ದೆ ಅನ್ನುವುದೂ ಗೊತ್ತಾಗದ ಬಿಳಿ ಚೀಟಿ ಉಳಿದಿದೆ. ಮೊಣಕಾಲು ಈಗ ಎರಡನೇ ಮಹಡಿ ಹತ್ತುವುದಕ್ಕೇ ತಕರಾರು ತೆಗೆಯುತ್ತದೆ.

ಮೊನ್ನೆ ಪಕ್ಕದ ಮನೆ ಹುಡುಗ ಸ್ನೇಹಿತರ ಜೊತೆ ಸುಮ್ನೆ ಹೊರಟು ಕುಮಾರಪರ್ವತ ಹತ್ತಿ ಬಂದ. ಒಂದು ಪುಟವನ್ನೂ ಓದದೆ! ಗಿರಿಗದ್ದೆ ದಾಟಿದ ಮೇಲೆ ಬೋಳುಗುಡ್ಡದಲ್ಲಿ ಬಿಸಿಲು ಹೇಗಿತ್ತು, ಮಂಟಪದ ಹತ್ತಿರ ನೀರು ಸಿಕ್ಕಿತಾ, ಶೇಷಪರ್ವತದಿಂದ ಇಳಿಯುವಾಗ ಬಂಡೆ ಜಾರುತ್ತಿತ್ತಾ ಅಂತ ವಿಚಾರಿಸಿದೆ. ಅವನು ಕಣ್ಣರಳಿಸಿದ.

‘ಅಂಕಲ್, ನೀವು ಎಷ್ಟು ಸಲ ಹತ್ತಿದ್ದೀರಿ?’

‘ಇನ್ನೂ ಅರ್ಧ ಪುಸ್ತಕ ಬಾಕಿ ಇದೆ ಕಣಪ್ಪ’ ಅಂದೆ.